ಹೊಗೆಯ ಲೆಕ್ಕ ಯಾರ ಖಾತೆಗೆ?



ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ರಸ್ತೆಗಳಲ್ಲಿಯೂ ಈಗ ಹಸಿರು ನಂಬರ್ ಪ್ಲೇಟಿನ ವಿದ್ಯುತ್ ಕಾರುಗಳು ಕಾಣತೊಡಗಿವೆ. ಇದಕ್ಕೆ ಹೊಗೆಯೇ ಇಲ್ಲ, ಆದ್ದರಿಂದ ದೋಷವೂ ಇಲ್ಲವೆಂದು ಕೆಲವರು ಹೇಳುತ್ತಾರೆ. ಕರೆಂಟೂ ಕಲ್ಲಿದ್ದಲಿನದೇ, ಎರಡೂ ಒಂದೇ ಎಂದು ಇನ್ನು ಕೆಲವರು. ಬಾಯಿಮಾತಿನ ಮೇಲೆ ಖಾತೆ ಬರೆಯುವ ಪದ್ಧತಿ ನಮ್ಮಲ್ಲಿಲ್ಲ. ಜಮಾ-ಖರ್ಚು ನೋಡೋಣ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಲೀಟರಿಗೆ 15 ಕಿ.ಮೀ. ಓಡುವ ಕಾರು 100 ಕಿ.ಮೀ.ಗೆ 15 ಕಿಲೋ ಬಿಡುತ್ತದೆ. ಎಣ್ಣೆ ತೆಗೆದು, ಶುದ್ಧಮಾಡಿ, ಸಾಗಿಸುವಾಗ ಆಗುವುದನ್ನು ಕೂಡಿಸಿದರೆ ಸುಮಾರು 18 ಕಿಲೋ. ಅದೇ ದೂರಕ್ಕೆ ವಿದ್ಯುತ್ ಕಾರಿಗೆ 15 ಯೂನಿಟ್ಟಿನಷ್ಟು ಬೇಕು. ನಮ್ಮ ದೇಶದ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನದು. ಯೂನಿಟ್ಟಿಗೆ ಸರಾಸರಿ 0.7 ಕಿಲೋ ಹಿಡಿದು, ತಂತಿಯಲ್ಲಿ ಸೋರುವುದನ್ನೂ ಸೇರಿಸಿದರೆ 12-13 ಕಿಲೋ ಆಗುತ್ತದೆ. ಉಳಿತಾಯವೇನೋ ಇದೆ, ಆದರೆ ಬಾಕಿ ಸೊನ್ನೆಯಾಗಿಲ್ಲ.

ಅದಲ್ಲದೆ ವಿದ್ಯುತ್ ಕಾರು ಸಾಲ ಹೊತ್ತೇ ಅಂಗಳಕ್ಕೆ ಬರುತ್ತದೆ. 40 ಯೂನಿಟ್ ಹಿಡಿಯುವ ಬ್ಯಾಟರಿ ತಯಾರಾಗುವಾಗಲೇ ಸುಮಾರು 3 ಟನ್ ಇಂಗಾಲದ ಡೈಆಕ್ಸೈಡ್ ಹೊರಬಿದ್ದಿರುತ್ತದೆ. 100 ಕಿ.ಮೀ.ಗೆ 5 ಕಿಲೋ ಉಳಿತಾಯದಂತೆ ಈ ಸಾಲ ತೀರಲು 60 ಸಾವಿರ ಕಿ.ಮೀ. ಓಡಬೇಕು. ಮಾಳಿಗೆಯ ಮೇಲೆ ಸೌರಫಲಕ ಹಾಕಿಸಿ ಅದರಿಂದಲೇ ಚಾರ್ಜ್ ಮಾಡಿದರೆ 20 ಸಾವಿರದೊಳಗೇ ತೀರುತ್ತದೆ.

ಇಷ್ಟು ಅಂಕಿಯ ಮಾತು. ನ್ಯಾಯದ ಮಾತು ಇದಕ್ಕಿಂತ ದೊಡ್ಡದು. ದಕ್ಷಿಣ ಸೊಲ್ಲಾಪುರದ ಫತಾಟೇವಾಡಿಯಲ್ಲಿ 1,320 ಮೆಗಾವಾಟ್ ಉಷ್ಣವಿದ್ಯುತ್ ಸ್ಥಾವರವಿದೆ. ನೀರಿಗೆ ಹಪಹಪಿಸುವ ಸೀಮೆಯದು. ಸ್ಥಾವರಕ್ಕೂ ಉಜನಿಯ ನೀರು ಬೇಕು. ಪೇಟೆಯ ಕಾರಿನ ಹೊಗೆ ಕಡಿಮೆಯಾದಾಗ ಅದರಲ್ಲಿ ಒಂದು ಪಾಲು ಇಂಥ ಊರುಗಳ ಚಿಮಣಿಗೆ ಹೋಗಿರುತ್ತದೆ. ಹಾಗೆಂದು ಪೆಟ್ರೋಲ್ ನಿರ್ದೋಷಿಯಲ್ಲ. ಅದರ ಹೊಗೆಯನ್ನು ದಿನವಿಡೀ ಕುಡಿಯುವವರು ಚೌಕದ ಪೊಲೀಸರು, ರಸ್ತೆಬದಿಯ ಕಾಯಿಪಲ್ಲೆ ಮಾರುವ ತಾಯಂದಿರು. ಇನ್ನು ಕೆಲವು ಬ್ಯಾಟರಿಗಳಿಗೆ ಬೇಕಾದ ಕೋಬಾಲ್ಟಿನ ಬಹುಪಾಲು ಆಫ್ರಿಕಾದ ಕಾಂಗೋ ದೇಶದ್ದು. ಅಲ್ಲಿ ಕೈಯಿಂದ ಅಗೆಯುವ ಗಣಿಗಳಲ್ಲಿ ಮಕ್ಕಳೂ ದುಡಿದಿದ್ದಾರೆ. ಕೋಬಾಲ್ಟ್ ಇಲ್ಲದ ಕಬ್ಬಿಣ-ಫಾಸ್ಫೇಟ್ ಬ್ಯಾಟರಿಯ ಕಾರುಗಳು ನಮ್ಮಲ್ಲಿ ದೊರೆಯುತ್ತವೆ, ಕೊಳ್ಳುವಾಗ ಕೇಳಬೇಕು.

ಸವಾರಿಯ ಸುಖ ನಮಗೆ, ಹೊರೆ ಕಾಣದ ನೆರೆಯವರಿಗೆ ಎಂಬ ವ್ಯವಹಾರ ಸತ್ಯಶುದ್ಧ ಕಾಯಕಕ್ಕೆ ಒಪ್ಪುವುದಿಲ್ಲ. ಆದ್ದರಿಂದ ನಮ್ಮ ವಿನಂತಿ ಇಷ್ಟೇ. ವ್ಯಾಪಾರಕ್ಕಾಗಿ ವರ್ಷಕ್ಕೆ 20 ಸಾವಿರ ಕಿ.ಮೀ. ತಿರುಗುವವರು ವಿದ್ಯುತ್ ಕಾರು ಕೊಳ್ಳಲಿ, ಸಾಧ್ಯವಿದ್ದರೆ ಸೌರಫಲಕವನ್ನೂ ಹಾಕಿಸಲಿ. ಸಾಲ ಮೂರು ವರ್ಷದಲ್ಲಿ ತೀರುತ್ತದೆ. ವರ್ಷಕ್ಕೆ ಮೂರು ಸಾವಿರ ಮಾತ್ರ ಓಡಿಸುವವರಿಗೆ ಇಪ್ಪತ್ತು ವರ್ಷ ಬೇಕು. ಅಂಥವರು ಇದ್ದ ಕಾರನ್ನೇ ಚೆನ್ನಾಗಿಟ್ಟುಕೊಂಡು, ಆದಷ್ಟು ಬಸ್ಸು ಹಿಡಿಯುವುದು ಲೇಸು. 2022ರ ನಿಯಮದಂತೆ ಹಳೆಯ ಬ್ಯಾಟರಿಯನ್ನು ಮರಳಿ ಪಡೆಯುವ ಹೊಣೆ ತಯಾರಕರದು. ಅದನ್ನು ಗುಜರಿಗೆ ಹಾಕದೆ ಅವರಿಗೇ ಒಪ್ಪಿಸಿರಿ.

ಯಾವ ಕಾರು ಕೊಂಡರೂ ಅದರ ಹೊಗೆಯ ಬಾಕಿಯನ್ನು ನಮ್ಮ ಹೆಸರಿನಲ್ಲಿಯೇ ಬರೆದುಕೊಳ್ಳೋಣ.

ಶರಣು ಶರಣಾರ್ಥಿ.

— ಕಾರ್ಯದರ್ಶಿ