ಕರಗಿಸದೆ ಹೋಲಿಸುವುದು

ಹರಿಹರದ ಹರಿಹರೇಶ್ವರನ ಮೂರ್ತಿಯಲ್ಲಿ ಬಲಭಾಗ ಶಿವ, ಎಡಭಾಗ ವಿಷ್ಣು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ತುಂಗಭದ್ರೆಯ ದಡದಲ್ಲಿ ಈ ಗುಡಿ ಕಟ್ಟಿಸಿದ. ಇದನ್ನು ತೋರಿಸಿ ಎಲ್ಲ ಧರ್ಮಗಳೂ ಒಂದೇ ಎಂದು ಭಾಷಣ ಮಾಡುವುದು ರೂಢಿ. ಆದರೆ ಶಿಲ್ಪಿ ಇಬ್ಬರನ್ನೂ ಕರಗಿಸಿ ಮೂರನೆಯವನನ್ನು ಮಾಡಿಲ್ಲ. ಶಿವನ ಗುರುತು ಶಿವನಿಗೆ, ವಿಷ್ಣುವಿನದು ವಿಷ್ಣುವಿಗೆ. ಧರ್ಮಗಳ ತೌಲನಿಕ ಅಧ್ಯಯನಕ್ಕೆ ಬೇಕಾದ ಶಿಸ್ತು ಇದೇ ಎಂದು ನಾನು ನಂಬಿದ್ದೇನೆ.

ಈ ವಿದ್ಯೆಗೆ ಮ್ಯಾಕ್ಸ್ ಮುಲ್ಲರ್ 1870ರಲ್ಲಿ ಲಂಡನ್ನಿನಲ್ಲಿ ಕೊಟ್ಟ ಉಪನ್ಯಾಸಗಳು ಬುನಾದಿ ಹಾಕಿದವು. 1904ರಲ್ಲಿ ಮ್ಯಾಂಚೆಸ್ಟರಿನಲ್ಲಿ ಇದಕ್ಕೊಂದು ಪೀಠ ಬಂತು. ಆ ಕಾಲದ ವಿದ್ವಾಂಸರು ಧರ್ಮವನ್ನು ಹೆಚ್ಚಾಗಿ ಗ್ರಂಥಗಳಲ್ಲಿ ಹುಡುಕಿದರು. ಹಲವರು ತಮ್ಮದನ್ನೇ ಅಳತೆಗೋಲು ಮಾಡಿಕೊಂಡರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿ, 1936ರಲ್ಲಿ ಆಕ್ಸ್‌ಫರ್ಡಿನ ಪೀಠಕ್ಕೇರಿದ ರಾಧಾಕೃಷ್ಣನ್ ಆ ಅಹಂಕಾರಕ್ಕೆ ಉತ್ತರ ಕೊಟ್ಟರು. ಆದರೂ ಎಲ್ಲದರ ಹಿಂದೆ ವೇದಾಂತದ ಏಕತೆಯನ್ನೇ ಕಾಣುವ ಅವರ ಒಲವು ಇನ್ನೊಂದು ಅಳತೆಗೋಲೇ.

ನಮ್ಮಲ್ಲಿ ಇದನ್ನು ಕಲಿಸಲು ಕಾನೂನಿನ ಅಡ್ಡಿಯಿಲ್ಲ: ಸಂವಿಧಾನದ 28ನೇ ವಿಧಿ ಸರ್ಕಾರದ ಹಣದಲ್ಲೇ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಧರ್ಮಬೋಧನೆಯನ್ನು ತಡೆಯುತ್ತದೆ, ಧರ್ಮದ ಅಧ್ಯಯನವನ್ನಲ್ಲ. 2002ರ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಭೇದವನ್ನು ಎತ್ತಿಹಿಡಿಯಿತು. ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದಲ್ಲಿ 1967ರಿಂದಲೇ ಧರ್ಮಗಳ ಅಧ್ಯಯನಕ್ಕೆ ವಿಭಾಗವಿದೆ. ಧಾರವಾಡದಲ್ಲಿ ಬಸವೇಶ್ವರ ಪೀಠ, ಮೈಸೂರಿನಲ್ಲಿ ಜೈನಶಾಸ್ತ್ರ ಮತ್ತು ಕ್ರೈಸ್ತಧರ್ಮದ ವಿಭಾಗಗಳು ನಮ್ಮಲ್ಲೂ ಇವೆ. ಒಳ್ಳೆಯ ಕೆಲಸವೂ ಆಗಿದೆ. ಆದರೆ ಒಂದೊಂದು ಪೀಠದ ಮುಂದೆ ಅದರದೇ ಮನೆಯವರು ಕೂತರೆ ಹೋಲಿಕೆ ಹುಟ್ಟುವುದೆಲ್ಲಿ?

ದಾವಣಗೆರೆ ವಿಶ್ವವಿದ್ಯಾಲಯದಂಥ ಕಡೆ ತೌಲನಿಕ ಅಧ್ಯಯನದ ಕೋರ್ಸು ಶುರುವಾದರೆ ಪಾಠದ ಸಾಮಗ್ರಿ ಸುತ್ತಲೇ ಇದೆ. 1913ರಲ್ಲಿ ಹರ್ಡೇಕರ್ ಮಂಜಪ್ಪನವರು ಮೃತ್ಯುಂಜಯ ಸ್ವಾಮಿಗಳೊಡನೆ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆರಂಭಿಸಿದ್ದು ದಾವಣಗೆರೆಯ ವಿರಕ್ತಮಠದಲ್ಲಿ. ಹರಿಹರದ ಆರೋಗ್ಯಮಾತೆಯ ಚರ್ಚಿಗೆ ಸೆಪ್ಟೆಂಬರಿನ ಹಬ್ಬದಲ್ಲಿ ಹರಕೆ ಹೊತ್ತು ಬರುವವರೆಲ್ಲ ಕ್ರೈಸ್ತರಲ್ಲ. ಗ್ರಂಥಗಳನ್ನಷ್ಟೇ ಓದುವ ವಿದ್ಯಾರ್ಥಿಗೆ ಈ ಹರಕೆ ಕಾಣುವುದೇ ಇಲ್ಲ.

ಧರ್ಮಗಳ ವಿದ್ವಾಂಸ ವಿಲ್ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ ಒಂದು ಕಟ್ಟುಪಾಡು ಸೂಚಿಸಿದ್ದರು: ಒಂದು ಧರ್ಮದ ಬಗ್ಗೆ ಆಡಿದ ಮಾತನ್ನು ಆ ಧರ್ಮದವರು ಹೌದೆನ್ನಬೇಕು. ಹೊರಗಿನವನ ಉಡಾಫೆಗೆ ಇದು ಒಳ್ಳೆಯ ಲಗಾಮು. ಆದರೆ ಶರಣರು ಸ್ಥಾವರದ ಪೂಜೆಯನ್ನೇ ಪ್ರಶ್ನಿಸಿದರಲ್ಲ, ಹರಿಹರೇಶ್ವರನ ಭಕ್ತರು ಅದನ್ನು ಹೇಗೆ ಹೌದೆಂದಾರು? ಒಪ್ಪಿಗೆಯೇ ಕೊನೆಯ ಮಾತಾದರೆ ಕನ್ನಡದ ಅತ್ಯಂತ ತೀಕ್ಷ್ಣ ಧರ್ಮವಿಮರ್ಶೆಯನ್ನೇ ತರಗತಿಯಿಂದ ಹೊರಹಾಕಬೇಕಾಗುತ್ತದೆ. ಹಾಗಾಗಿ ನಾನು ಆ ನಿಯಮವನ್ನು ವರ್ಣನೆಗೆ ಮಾತ್ರ ಒಪ್ಪುತ್ತೇನೆ, ತೀರ್ಪಿಗಲ್ಲ. ಭಕ್ತ ಗುಡಿಯಲ್ಲಿ ಏನು ಕಾಣುತ್ತಾನೆಂದು ಅವನೇ ತಲೆದೂಗುವಂತೆ ಬರೆಯಲಿ. ಆಮೇಲೆ ಶರಣರ ಆಕ್ಷೇಪವನ್ನು ಅಷ್ಟೇ ಬಲವಾಗಿ ಅದರೆದುರು ಇಡಲಿ. ಎರಡನ್ನೂ ಬರೆಯಬಲ್ಲ ವಿದ್ಯಾರ್ಥಿಗೇ ಪದವಿ ಸಿಗಬೇಕು, ಅವನ ಮನೆದೇವರು ಯಾರೇ ಆಗಿರಲಿ.