ತುಂಡು ಮತ್ತು ಪಾಲು

ನಮ್ಮ ಕಡೆ ಮಾಂಸದಡುಗೆಯ ಊಟಕ್ಕೆ ಬಾಡೂಟ ಎನ್ನುತ್ತಾರೆ. ಹೆಸರಿನಲ್ಲೇ ಒಂದು ಲೆಕ್ಕವಿದೆ ನೋಡಿ. ಬಾಡು ಬೇರೆ, ಊಟ ಬೇರೆ. ಊಟವೆಂದರೆ ಮುದ್ದೆ, ಅನ್ನ. ಬಾಡು ಅದರ ಜೊತೆಗೆ ಬರುವ ಸಂಭ್ರಮ. ಎಷ್ಟು ತುಂಡು ತಿಂದಿದ್ದರೂ ಮುದ್ದೆ ಮುರಿಯದವನು ‘ಇನ್ನೂ ಊಟ ಆಗಿಲ್ಲ’ ಎಂದೇ ಹೇಳುತ್ತಾನೆ. ಅದಕ್ಕೇ, ಈಚಿನ ವರ್ಷಗಳಲ್ಲಿ ಅಮೆರಿಕದಿಂದ ಹೊರಟು ಎಲ್ಲೆಡೆ ಹೆಸರು ಮಾಡಿರುವ ‘ಕಾರ್ನಿವೋರ್ ಡಯಟ್’ ಎಂಬ ಪಥ್ಯವನ್ನು ನಮ್ಮ ಮಾತಿನಲ್ಲಿ ಹೇಳುವುದು ಹೇಗೆಂದು ಯೋಚಿಸಿದಾಗ ನನಗೆ ಹೊಳೆದದ್ದು ಇಷ್ಟು: ಊಟವಿಲ್ಲದ ಬಾಡು.

ಮಾಂಸ, ಮೀನು, ಮೊಟ್ಟೆ, ಉಪ್ಪು, ನೀರು. ಕೆಲವರು ಬೆಣ್ಣೆ, ಚೀಸ್ ಸೇರಿಸಿಕೊಳ್ಳುತ್ತಾರೆ. ಅಕ್ಕಿ, ರಾಗಿ, ಬೇಳೆ, ತರಕಾರಿ, ಹಣ್ಣು ಯಾವುದೂ ಇಲ್ಲ. ಮಸಾಲೆ ರುಬ್ಬುವ ಮಾತಂತೂ ಇಲ್ಲವೇ ಇಲ್ಲ. ಕಟ್ಟುನಿಟ್ಟಾಗಿ ನಡೆಸುವವರು ಮೆಣಸಿನ ಪುಡಿಯನ್ನೂ ದೂರವಿಡುತ್ತಾರೆ. ಪಥ್ಯವೆಂದರೆ ನಮಗೆ ಗಂಜಿ, ತಿಳಿಸಾರು, ಸಪ್ಪೆ ಮುಖ. ಇದು ಹಾಗಲ್ಲ. ಹಸಿದಾಗ ತಿನ್ನಿ, ಹೊಟ್ಟೆ ತುಂಬ ತಿನ್ನಿ, ಕೊಬ್ಬನ್ನು ಬಿಡದೆ ತಿನ್ನಿ, ಆಸೆಪಟ್ಟು ತಿನ್ನಿ ಎನ್ನುವ ಪಥ್ಯ. ನಾಲಗೆಗೂ ಮೈಗೂ ಒಂದೇ ದಾರಿ ಎಂದು ಹೇಳುವ ವೈದ್ಯ ಯಾರಿಗೆ ಬೇಡ?

ನನ್ನ ಅಕ್ಕನ ಮಗಳು ಅಮೆರಿಕದಲ್ಲಿದ್ದಾಳೆ. ವರ್ಷಗಟ್ಟಲೆ ಕೀಲುನೋವಿನಿಂದ ನರಳಿದವಳು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ಮಗುವಿನ ಅಂಗಿಯ ಗುಂಡಿ ಹಾಕುವುದಕ್ಕೂ ಗಂಡನನ್ನು ಕರೆಯಬೇಕಿತ್ತು. ಕಳೆದ ಬಾರಿ ರಜೆಗೆ ಬಂದಾಗ ಎಂಟು ತಿಂಗಳಿನಿಂದ ಈ ಪಥ್ಯದಲ್ಲಿದ್ದಳು. ಮೈ ಇಳಿದಿತ್ತು, ಮುಖದಲ್ಲಿ ಕಳೆಯಿತ್ತು, ಬೆರಳುಗಳು ಸರಾಗವಾಗಿ ಆಡುತ್ತಿದ್ದವು. ಅಕ್ಕ ಮಾತ್ರ ಸೊರಗಿಹೋದಳು. ಮಗಳಿಗೆಂದು ಒತ್ತಿಟ್ಟ ಶಾವಿಗೆ ಹಾಗೇ ಉಳಿಯಿತು. ‘ಒಂದೇ ಒಂದು ತುತ್ತು ಅನ್ನ ಉಣ್ಣೇ, ನಾನು ಕಲಸಿಕೊಡ್ತೀನಿ’ ಎಂದು ತಟ್ಟೆ ಹಿಡಿದು ನಿಂತಳು. ಅವಳು ‘ಬೇಡಮ್ಮ’ ಎಂದಳು. ನನ್ನ ಕಡೆ ತಿರುಗಿ, ‘ಚಿಕ್ಕಮ್ಮ, ನೋವು ಇರೋದು ನನ್ನ ಮೈಗೆ ತಾನೇ? ಏನು ತಿನ್ನಬೇಕು ಅಂತ ನಾನು ಹೇಳಬಾರದಾ?’ ಎಂದು ಕೇಳಿದಳು.

ಈ ಪ್ರಶ್ನೆಗೆ ಉತ್ತರ ಹೌದೋ ಅಲ್ಲವೋ ಎಂದು ಎರಡೇ ಅಕ್ಷರದಲ್ಲಿ ಮುಗಿಸುವಂತಿಲ್ಲ. ಮಾಂಸ ತಿನ್ನುವುದು ಪಾಪವೇ ಎಂಬುದು ನಮ್ಮಲ್ಲಿ ಹಳೆಯ ಜಗಳ. ಬಾಡಿಗೆಗೆ ಮನೆ ಹುಡುಕುವಾಗ ಇಂದಿಗೂ ಅದು ಬಾಗಿಲಲ್ಲೇ ಎದುರಾಗುತ್ತದೆ. ಆ ಜಗಳಕ್ಕೆ ನಾನು ಇಲ್ಲಿ ಕೈಹಾಕುವುದಿಲ್ಲ. ಮಾಂಸ ತಿಂದೇ ಬೆಳೆದ ಮನೆಯೊಳಗೆ ಎದ್ದಿರುವ ಪ್ರಶ್ನೆ ಬೇರೆ. ನನ್ನ ಮೈಗೆ ಒಳ್ಳೆಯದಾಯಿತು, ನನ್ನ ನಾಲಗೆಗೆ ಹಿಡಿಸಿತು. ಇಷ್ಟಕ್ಕೇ ಊಟದ ಮಾತು ಮುಗಿಯಿತೇ?

ಇದು ತೀರ ಹೊಸ ಪಥ್ಯವೂ ಅಲ್ಲ. ಅಮೆರಿಕದ ಜೇಮ್ಸ್ ಸ್ಯಾಲಿಸ್‌ಬರಿ ಎಂಬ ವೈದ್ಯ ಹತ್ತೊಂಬತ್ತನೇ ಶತಮಾನದಲ್ಲೇ ದನದ ಮಾಂಸದ ಕೈಮವನ್ನು ಬಿಲ್ಲೆ ಮಾಡಿ ಸುಟ್ಟು, ಮೇಲೆ ಬಿಸಿನೀರು ಕುಡಿಸಿ ರೋಗಿಗಳನ್ನು ನೋಡುತ್ತಿದ್ದ. 1888ರಲ್ಲಿ ಪುಸ್ತಕವನ್ನೂ ಬರೆದ. ಆ ಬಿಲ್ಲೆಗೆ ಈಗಲೂ ಅಲ್ಲಿ ಅವನದೇ ಹೆಸರು. ಇಂಗ್ಲೆಂಡಿನಲ್ಲಿ ಈ ಚಿಕಿತ್ಸೆಯನ್ನು ಪ್ರಚಾರ ಮಾಡಿದವಳು ಒಬ್ಬ ಹೆಂಗಸು, ಎಲ್ಮಾ ಸ್ಟುವರ್ಟ್. ಕಾದಂಬರಿಗಾರ್ತಿ ಜಾರ್ಜ್ ಎಲಿಯಟ್ಟಳನ್ನು ತಾಯಿಯಂತೆ ಕಂಡವಳು. ತಾನು ಹೀಗೆ ಗುಣವಾದೆ, ನೀವೂ ಆಗಿ ಎಂದು ಪುಸ್ತಕ ಬರೆದಳು. ತನಗೆ ಫಲಿಸಿದ್ದನ್ನು ಊರಿಗೆಲ್ಲ ಹೇಳದಿದ್ದರೆ ನಿದ್ದೆ ಬಾರದ ಸ್ವಭಾವ ನಮ್ಮ ಹೆಂಗಸರದ್ದು ಮಾತ್ರವಲ್ಲ ಎಂದು ಓದಿ ನನಗೆ ಸಮಾಧಾನವಾಯಿತು!

ಹೆಚ್ಚು ಹೆಸರಾದ ಕಥೆ ವಿಲ್ಹ್ಯಾಲ್ಮರ್ ಸ್ಟೆಫಾನ್ಸನ್ನನದು. ಐಸ್‌ಲ್ಯಾಂಡಿನಿಂದ ವಲಸೆ ಬಂದವರ ಮಗ, 1879ರಲ್ಲಿ ಕೆನಡಾದಲ್ಲಿ ಹುಟ್ಟಿದವನು. ಉತ್ತರ ಧ್ರುವದ ಕಡೆಯ ಹಿಮದ ನಾಡಿನಲ್ಲಿ ಇನ್ಯುಯಿಟ್ ಜನರೊಡನೆ ವರ್ಷಗಟ್ಟಲೆ ಇದ್ದು, ಅವರಂತೆ ಮೀನು, ಸೀಲ್, ಹಿಮಸಾರಂಗ ತಿಂದು ಗಟ್ಟಿಮುಟ್ಟಾಗಿ ಮರಳಿದ. ತರಕಾರಿಯಿಲ್ಲದೆ ಬದುಕಿದ್ದೆ ಎಂದರೆ ಯಾರೂ ನಂಬಲಿಲ್ಲ. 1928ರಲ್ಲಿ ಅವನೂ ಅವನ ಜೊತೆಗಾರ ಕಾರ್ಸ್ಟನ್ ಆಂಡರ್ಸನ್ನನೂ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯರ ಕಣ್ಣೆದುರಿಗೇ ಮಾಂಸಾಹಾರ ಶುರುಮಾಡಿ ಒಂದು ವರ್ಷ ನಡೆಸಿದರು. ಮೊದಲಿಗೆ ಸ್ಟೆಫಾನ್ಸನ್ನನಿಗೆ ಕೊಬ್ಬಿಲ್ಲದ ಮಾಂಸ ಮಾತ್ರ ಕೊಟ್ಟರು. ಎರಡು ಮೂರು ದಿನದಲ್ಲೇ ಹೊಟ್ಟೆ ಕೆಟ್ಟು ಮಲಗಿದ. ಕೊಬ್ಬು ಸೇರಿಸಿದ ಮೇಲೆ ಎದ್ದು ಕುಳಿತ. ಬರೀ ತೆಳು ಮಾಂಸದಿಂದ ಮನುಷ್ಯ ಬದುಕಲಾರ, ಅವನಿಗೆ ಕೊಬ್ಬು ಬೇಕು ಎಂಬುದು ಅಲ್ಲಿನ ಜನಕ್ಕೆ ಮೊದಲೇ ಗೊತ್ತಿದ್ದ ಸಂಗತಿ. ವರ್ಷದ ಕೊನೆಗೆ ಇಬ್ಬರೂ ಆರೋಗ್ಯವಾಗಿದ್ದರು. ಪ್ರಯೋಗಕ್ಕೆ ಮಾಂಸದ ವ್ಯಾಪಾರಿಗಳ ಸಂಸ್ಥೆಯ ಹಣವೂ ಬಂದಿತ್ತು ಎಂಬುದನ್ನು ಪಕ್ಕಕ್ಕೆ ಬರೆದಿಟ್ಟುಕೊಳ್ಳಬೇಕು.

ಒಂದು ವರ್ಷ, ಇಬ್ಬರು ಗಂಡಸರು. ಇದರ ಮೇಲೆ ಹೆಂಗಸಿನ ಒಂದು ಜನ್ಮವನ್ನು ಕಟ್ಟುವುದು ಹೇಗೆ? 2019ರಲ್ಲಿ ಶಾನ್ ಬೇಕರ್ ಎಂಬ ಅಮೆರಿಕದ ಮೂಳೆವೈದ್ಯ ಬರೆದ ಪುಸ್ತಕದ ಬಳಿಕ ಸಾವಿರಾರು ಜನ ಈ ದಾರಿ ಹಿಡಿದರು. ಅಂಥ 2,029 ಜನರನ್ನು ಪ್ರಶ್ನಿಸಿ ಮಾಡಿದ ಒಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಬಹುಪಾಲು ಜನ ತಮಗೆ ಒಳ್ಳೆಯದಾಗಿದೆ ಎಂದೇ ಹೇಳಿದರು. ಆದರೆ ಹೇಳಿದವರು ಅವರೇ, ಅಳೆದವರು ಬೇರೆಯವರಲ್ಲ. ಗುಣವಾಗದೆ ಬಿಟ್ಟುಹೋದವರು ಇಂಥ ಪ್ರಶ್ನೆಗೆ ಉತ್ತರಿಸಲು ಬರುವುದೂ ಇಲ್ಲ. ಕೆಟ್ಟದ್ದೆಂದು ವೈದ್ಯರು ಕರೆಯುವ ಎಲ್‌ಡಿಎಲ್ ಕೊಲೆಸ್ಟ್ರಾಲ್ ಅವರಲ್ಲಿ ಎದ್ದು ಕಾಣುವಷ್ಟು ಏರಿತ್ತು. ಇದರ ಜೊತೆಗೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೂ, ಕುರಿ, ದನ, ಹಂದಿಗಳ ಕೆಂಪು ಮಾಂಸವನ್ನು ಬಹುಶಃ ತರಬಲ್ಲವುಗಳ ಸಾಲಿಗೂ ಸೇರಿಸಿದೆ. ಇಷ್ಟನ್ನೂ ಅಕ್ಕನ ಮಗಳಿಗೆ ಹೇಳಿದೆ. ‘ವರ್ಷಕ್ಕೆ ಎರಡು ಸಲ ರಕ್ತ ಪರೀಕ್ಷೆ ಮಾಡಿಸ್ತೀನಿ’ ಎಂದಳು. ಬುದ್ಧಿವಂತೆ. ನಾಳೆಯ ಹೃದಯದ ಭಯಕ್ಕಿಂತ ಇವತ್ತಿನ ಬೆರಳಿನ ನೋವು ದೊಡ್ಡದೆಂದರೆ, ಆ ನೋವು ಉಣ್ಣದ ನಾನು ಏನು ಹೇಳಲಿ?

ನಿಜ ಹೇಳಬೇಕೆಂದರೆ ಅವಳ ಪಥ್ಯಕ್ಕಿಂತ ಅವಳ ‘ಬೇಡಮ್ಮ’ ನನ್ನನ್ನು ಹೆಚ್ಚು ಕಾಡಿತು. ನಮ್ಮ ಮನೆಗಳಲ್ಲಿ ‘ನನಗೆ ಇದು ಬೇಕು, ಇದು ಬೇಡ’ ಎಂದು ಹೆಂಗಸು ಹೇಳಿದ್ದು ಎಷ್ಟು ಸಲ ಕೇಳಿದ್ದೇವೆ? ಗಂಡನಿಗೆ ಸಕ್ಕರೆ ಕಾಯಿಲೆ ಬಂದರೆ ಇಡೀ ಮನೆಯ ಅಡುಗೆ ಬದಲಾಗುತ್ತದೆ. ಹೆಂಡತಿಗೆ ಬಂದರೆ ಅವಳೊಬ್ಬಳು ಎರಡು ಚಪಾತಿ ಬೇರೆ ಮಾಡಿಕೊಳ್ಳುತ್ತಾಳೆ, ಅದೂ ಎಲ್ಲರದೂ ಆದ ಮೇಲೆ. ಕೋಳಿ ಕೊಯ್ದ ದಿನ ತೊಡೆ ಗಂಡುಮಕ್ಕಳಿಗೆ, ಈಲಿ ಯಜಮಾನರಿಗೆ. ಬಡಿಸಿದವಳಿಗೆ ಕತ್ತು, ತಳದ ಸಾರು. ಅದನ್ನೂ ಇಷ್ಟಪಟ್ಟು ತಿಂದಳು ಎನ್ನುವ ಹಾಗಿಲ್ಲ, ಬಾಯಿರುಚಿಯ ಹೆಂಗಸು ಎನ್ನಿಸಿಕೊಂಡುಬಿಟ್ಟಾಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ನಮ್ಮ ದೇಶದ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ; ಕರ್ನಾಟಕದಲ್ಲಿ ಸುಮಾರು 48. ಕಬ್ಬಿಣದ ಅಂಶ ರಾಗಿಯಲ್ಲೂ ಸೊಪ್ಪಿನಲ್ಲೂ ಇದೆ, ನಿಜ. ಆದರೆ ಮಾಂಸದಲ್ಲಿರುವುದು, ಅದರಲ್ಲೂ ಈಲಿಯಲ್ಲಿರುವುದು, ಮೈಗೆ ಹೆಚ್ಚು ಸುಲಭವಾಗಿ ಹತ್ತುತ್ತದೆ. ಯಾರಿಗೆ ಅದು ಹೆಚ್ಚು ಬೇಕೋ ಅವರ ತಟ್ಟೆಗೇ ಅದು ಬೀಳುವುದಿಲ್ಲ.

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ಬೇಡವೆಂದರು. ಗಂಗಾವತಿಯ ಒಬ್ಬ ಶಾಲಾ ಹುಡುಗಿ ನಮಗೆ ಮೊಟ್ಟೆ ಬೇಕು ಎಂದು ಗಟ್ಟಿಯಾಗಿ ಕೇಳಿದ್ದು ನಾಡಿಗೆಲ್ಲ ಕೇಳಿಸಿತು. ಆ ದನಿ ನನಗೆ ತುಂಬ ಹಿಡಿಸಿತ್ತು. ಅಕ್ಕನ ಮಗಳ ‘ಬೇಡ’ವೂ ಆ ಹುಡುಗಿಯ ‘ಬೇಕು’ವೂ ಒಂದೇ ಬಳಗದವು. ತನ್ನ ಮೈಯ ಮಾತನ್ನು ತಾನೇ ಆಡುವುದು ಸ್ವಾರ್ಥವೆಂದು ನಾನು ಒಪ್ಪಲಾರೆ.

ಆದರೂ ಒಂದು ಕಡೆ ಮನಸ್ಸು ತಡೆಯುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಸಾಧಾರಣ ಕುರಿ ಕೊಯ್ದರೆ ಸಿಗುವುದು ಹನ್ನೆರಡರಿಂದ ಹದಿನೈದು ಕಿಲೋ ಬಾಡು. ಮೂರು ಹೊತ್ತೂ ಮಾಂಸವೇ ಆದರೆ ದಿನಕ್ಕೆ ಒಂದು ಕಿಲೋ ದೊಡ್ಡ ಮಾತೇನಲ್ಲ. ಅಂದರೆ ಒಬ್ಬರಿಗೆ ವರ್ಷಕ್ಕೆ ಇಪ್ಪತ್ತೈದರಿಂದ ಮೂವತ್ತು ಕುರಿ. ಕಿಲೋಗೆ ಏಳುನೂರು ರೂಪಾಯಿ ಮೀರಿರುವ ಈ ಕಾಲದಲ್ಲಿ ಯಾವ ಮೇಷ್ಟರ ಸಂಬಳ ಇದನ್ನು ತಡೆದೀತು? ದುಡ್ಡಿದ್ದವರ ಮಾತು ಬಿಡಿ. ಅಷ್ಟು ಜೀವ, ಆ ಜೀವ ಮೇಯ್ದ ಹುಲ್ಲು, ಕುಡಿದ ನೀರು ಒಬ್ಬರ ಹೊಟ್ಟೆಗೆ. ಗಾಯಕ್ಕೆ ಔಷಧಿಯೆಂದು ತಿಂದರೆ ಒಂದು. ಸೊಂಟ ಸಣ್ಣಗಾಗಲೆಂದು, ರುಚಿಯೆಂದು ತಿಂದರೂ ಅದೇ ತೂಕವೇ? ಔಷಧಿ ಎಲ್ಲಿ ಮುಗಿದು ಆಸೆ ಎಲ್ಲಿ ಶುರುವಾಗುತ್ತದೆ ಎಂದು ತಿನ್ನುವವರಿಗೇ ತಿಳಿಯದ ಪಥ್ಯ ಇದು. ಅದರ ಸುಖವೂ ಅದೇ, ತೊಡಕೂ ಅದೇ.

ಈ ಪಥ್ಯದವರು ಮಾತೆತ್ತಿದರೆ ಇನ್ಯುಯಿಟ್ ಜನರ ಹೆಸರು ಹೇಳುತ್ತಾರೆ. ಆ ಜನ ಬೇಸಿಗೆಯಲ್ಲಿ ಕಾಡುಹಣ್ಣು ಆಯ್ದು ತಿನ್ನುತ್ತಿದ್ದರು ಎಂಬುದನ್ನು ಬಿಟ್ಟುಬಿಡುತ್ತಾರೆ. ಅದಕ್ಕಿಂತ ದೊಡ್ಡದೊಂದನ್ನೂ ಬಿಡುತ್ತಾರೆ. ಅಲ್ಲಿ ಮಾಂಸ ಯಾರೊಬ್ಬರದೂ ಆಗಿರಲಿಲ್ಲ. ಅವರಲ್ಲೇ ನೆಟ್ಸಿಲಿಕ್ ಎಂಬ ಪಂಗಡದವರು ಚಳಿಗಾಲದಲ್ಲಿ ಹೊಡೆದ ಸೀಲಿನ ಒಂದೊಂದು ಭಾಗಕ್ಕೂ ಒಬ್ಬೊಬ್ಬ ಪಾಲುದಾರನನ್ನು ಗೊತ್ತುಮಾಡಿರುತ್ತಿದ್ದರು. ಹಿಂಗಾಲಿನ ಭಾಗ ಒಬ್ಬನಿಗೆ, ಪಕ್ಕೆ ಇನ್ನೊಬ್ಬನಿಗೆ. ನಾಳೆ ಅವನಿಗೆ ಬೇಟೆ ಸಿಕ್ಕರೆ ಅದೇ ಭಾಗ ಇವನಿಗೆ. ಪಾಲುದಾರರು ಒಬ್ಬರನ್ನೊಬ್ಬರು ಆ ಭಾಗದ ಹೆಸರಿನಿಂದಲೇ ಕರೆಯುತ್ತಿದ್ದರಂತೆ. ಪಾಲು ಹಂಚುವುದು ಹೆಂಗಸರ ಕೈಯಲ್ಲಿತ್ತು. ಹಿಮದ ನಾಡಿನಿಂದ ಅಮೆರಿಕದ ಪೇಟೆಗೆ ತುಂಡು ಬಂತು, ಪಾಲು ಬರಲಿಲ್ಲ.

ಪಾಲಿನ ಮಾತು ನಮಗೆ ಹೊಸದೇನಲ್ಲ. ಯುಗಾದಿಯ ಮರುದಿನ ಹೊಸತೊಡಕಿಗೆ ಮಂಡ್ಯ, ಮೈಸೂರು ಕಡೆಯ ಹಳ್ಳಿಗಳಲ್ಲಿ ಹತ್ತಾರು ಮನೆಯವರು ಕೂಡಿ, ವರ್ಷವೆಲ್ಲ ಚೀಟಿ ಕಟ್ಟಿ, ಕುರಿ ತಂದು ಕೊಯ್ದು ಗುಡ್ಡೆ ಬಾಡು ಹಾಕುತ್ತಾರೆ. ತೆಂಗಿನ ಗರಿಯೋ ಬಾಳೆಲೆಯೋ ಹಾಸಿ, ಪ್ರತಿ ಗುಡ್ಡೆಗೂ ಒಂದಿಷ್ಟು ಮೆತ್ತನೆಯದು, ಒಂದಿಷ್ಟು ಮೂಳೆ, ಒಂದು ಚೂರು ಈಲಿ, ಒಂದು ತುಣುಕು ಬೋಟಿ. ಎಲ್ಲ ಸಮ ಬರುವವರೆಗೆ ಈ ಗುಡ್ಡೆಯಿಂದ ತೆಗೆದು ಆ ಗುಡ್ಡೆಗೆ ಹಾಕುವುದು ನಡೆದೇ ಇರುತ್ತದೆ. ನಮ್ಮೂರಲ್ಲಿ ಒಬ್ಬ ಹುಡುಗನನ್ನು ಬೆನ್ನು ಮಾಡಿ ನಿಲ್ಲಿಸಿ ‘ಇದು ಯಾರಿಗೋ?’ ಎಂದು ಕೇಳುತ್ತಿದ್ದರು. ಅವನು ಹೆಸರು ಹೇಳಿದವರಿಗೆ ಆ ಗುಡ್ಡೆ. ಗೌಡರಿಗೂ ಅದೇ, ಕೂಲಿಯವರಿಗೂ ಅದೇ. ಚೀಟಿಗೆ ಸೇರಿಸಿಕೊಳ್ಳದ ಮನೆಗಳೂ ಊರಲ್ಲಿದ್ದವು ಎಂಬುದನ್ನು ಇಲ್ಲಿ ಮರೆಸಲಾರೆ. ಸೇರಿದವರ ನಡುವೆ ಮಾತ್ರ ಅಷ್ಟು ನಿಖರವಾದ ನ್ಯಾಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬೀದಿಯಲ್ಲಿ ಸಮವಾದ ಗುಡ್ಡೆ ಮನೆಯೊಳಗೆ ಬಂದು ಪಾತ್ರೆ ಸೇರಿದ ಮೇಲೆ ಆ ನ್ಯಾಯ ಎಲ್ಲಿಗೆ ಹೋಗುತ್ತಿತ್ತೋ!

ಅಕ್ಕನ ಮಗಳು ಹೊರಡುವ ಹಿಂದಿನ ದಿನ ತಾನೇ ಅಂಗಡಿಗೆ ಹೋಗಿ ಎರಡು ಕಿಲೋ ಮಟನ್ ತಂದಳು. ಉಪ್ಪು ಹಾಕಿ ಬೇಯಿಸಿ, ಅರ್ಧ ತನಗೆ ತೆಗೆದಿಟ್ಟು, ಉಳಿದರ್ಧಕ್ಕೆ ಅಕ್ಕನಿಂದಲೇ ಮಸಾಲೆ ಹಾಕಿಸಿದಳು. ನಾವು ಮೂವರೇ ಕುಳಿತೆವು. ಅವಳ ತಟ್ಟೆಯಲ್ಲಿ ಬರೀ ಬಾಡು, ನಮ್ಮದರಲ್ಲಿ ಮುದ್ದೆ. ಸೌಟು ಅವಳ ಕೈಯಲ್ಲಿತ್ತು. ‘ಅಮ್ಮ, ನಿನಗೆ ಯಾವ ತುಂಡು ಇಷ್ಟ?’ ಎಂದಳು. ಅಕ್ಕ ‘ಯಾವುದಾದರೂ ಹಾಕು’ ಎಂದಳು. ‘ಯಾವುದಾದರೂ ಅಲ್ಲ, ಇಷ್ಟ ಯಾವುದು ಹೇಳು’ ಎಂದು ಅವಳು ಸೌಟನ್ನು ಹಾಗೇ ಹಿಡಿದು ಕಾದಳು. ಅಕ್ಕ ಎಷ್ಟು ಹೊತ್ತು ಪಾತ್ರೆಯನ್ನೇ ನೋಡುತ್ತಿದ್ದಳೆಂದರೆ ಮರೆತಳೇನೋ ಎಂದುಕೊಂಡೆ. ಅರವತ್ತೆಂಟು ವರ್ಷದವಳು, ಮದುವೆಯಾದಾಗಿನಿಂದ ಎಷ್ಟು ಸಾವಿರ ತುಂಡು ಬಡಿಸಿದ್ದಾಳೋ. ಆಮೇಲೆ, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ಮೆಲ್ಲಗೆ, ‘ನಲ್ಲಿ ಮೂಳೆ ಇದೆಯೇನೆ?’ ಎಂದಳು.