ವೈಯಾವೃತ್ಯದ ಅಳತೆಗೋಲು

ಆರು ಅಭ್ಯಂತರ ತಪಸ್ಸುಗಳಲ್ಲಿ ವೈಯಾವೃತ್ಯವೂ ಒಂದು. ರೋಗಪೀಡಿತ ಮುನಿಗಳ ಶುಶ್ರೂಷೆ ಅದರಲ್ಲಿ ಅಡಕವಾಗಿದೆ. ಆ ಸೇವಾಭಾವವು ಗೃಹಸ್ಥರ ಮನೆಯಲ್ಲಿರುವ ಮನೋರೋಗಿಯನ್ನೂ ತಲುಪಬೇಕಲ್ಲವೇ? ತಲುಪಿದೆಯೆಂದು ಅರಿಯುವ ಬಗೆ ಯಾವುದು?

ತೀವ್ರ ಮನೋರೋಗಿಗಳನ್ನು ಅವರವರ ಊರಿನಲ್ಲಿಯೇ ಆರೈಕೆ ಮಾಡುವ ಕ್ರಮವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1970ರ ದಶಕದಲ್ಲಿ ಸಕಲವಾರದಲ್ಲಿಯೂ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿಯೂ ಪ್ರಯೋಗಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ನೀಡಲಾಯಿತು. ಬಳ್ಳಾರಿಯ ನೆರೆಯ ಅನಂತಪುರ ಜಿಲ್ಲೆಯ ಕಲ್ಯಾಣದುರ್ಗ, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಹಿಂದೂಪುರ, ಇವೆರಡೂ ತೆಲುಗು ಕನ್ನಡಗಳು ಬೆರೆತ ಬರದ ಸೀಮೆಗಳು. ಹಿಂದೂಪುರದಿಂದ ಬೆಂಗಳೂರಿಗೆ ಸುಮಾರು 100 ಕಿ.ಮೀ. ಕೂಲಿಯ ಕುಟುಂಬಕ್ಕೆ ಆ ಪ್ರಯಾಣವೆಂದರೆ ರೋಗಿಯೊಡನೆ ಹೋಗುವವರ ದಿನಗೂಲಿಯೂ ನಷ್ಟ. ಔಷಧಿಯು ಸಮೀಪದಲ್ಲಿ ದೊರೆಯುವುದೇ ಅಲ್ಲಿ ಮೊದಲ ಉಪಕಾರ.

ಆದರೆ ನಡೆಸಿದ ಶಿಬಿರಗಳನ್ನೂ ಹಂಚಿದ ಮಾತ್ರೆಗಳನ್ನೂ ಎಣಿಸಿದರೆ ಆರೈಕೆಯ ಮೌಲ್ಯಮಾಪನವಾಗದು. ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳೇ ಇಲ್ಲಿ ಉತ್ತಮ ಅಳತೆಗೋಲು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ರೋಗಿಯ ಕಟ್ಟು ಬಿಚ್ಚಿತೇ? ಹೊಡೆತ ನಿಂತಿತೇ? ಆತನು ಮನೆಯವರೊಡನೆ ಕುಳಿತು ಉಣ್ಣುವನೇ? 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯ ಬಂಧನದಿಂದ ಓಡಲಾರದೆ 28 ಮಂದಿ ಮನೋರೋಗಿಗಳು ಮಡಿದರು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಸರಪಳಿ ತೊಡಿಸುವುದನ್ನು ನಿಷೇಧಿಸಿದೆ.

ಕಟ್ಟಿಹಾಕುವ ತಾಯಿಯು ಕ್ರೂರಿಯೇ? ಬಹುಪಾಲು ಅಲ್ಲ. ಮಗನು ದಾರಿ ತಪ್ಪಿ ಹೋದಾನು, ಯಾರನ್ನಾದರೂ ಹೊಡೆದಾನು ಎಂಬ ಭಯ ಅವಳದು. ಕೂಲಿಗೆ ಹೋಗದಿದ್ದರೆ ಒಲೆ ಉರಿಯದು. ಚಿಕಿತ್ಸೆಯೂ ನೆರೆಯವರ ನೆರವೂ ಇಲ್ಲದೆ ಅವಳೊಬ್ಬಳ ಹೆಗಲಿಗೆ ಎಲ್ಲವನ್ನೂ ಹೊರಿಸುವುದು ಸಮಾಜವು ಎಸಗುವ ಅತಿಭಾರಾರೋಪಣ. ಸಮುದಾಯದ ಆರೈಕೆ ಎಂಬ ಹೆಸರಿನಲ್ಲಿ ಆಸ್ಪತ್ರೆಯ ಹೊರೆಯನ್ನು ಮನೆಯ ಹೆಂಗಸಿಗೆ ವರ್ಗಾಯಿಸಿದರೆ ಅದೂ ಹಿಂಸೆಯೇ.

ಈ ಹೊರೆಯನ್ನು ಇಳಿಸಲು ಸಾಧ್ಯ. ಗ್ರಾಮೀಣ ಕರ್ನಾಟಕದಲ್ಲಿ ಚಿಕಿತ್ಸೆಯನ್ನೇ ಕಾಣದಿದ್ದ 100 ಮಂದಿ ಸ್ಕಿಜೋಫ್ರೇನಿಯಾ ರೋಗಿಗಳಿಗೆ ಔಷಧಿಯನ್ನೂ ಸಾಂತ್ವನವನ್ನೂ ನೀಡಿ, ಮೂರು ತಿಂಗಳಿಗೊಮ್ಮೆಯಂತೆ ಒಂದೂವರೆ ವರ್ಷ ಪರಿಶೀಲಿಸಿದ ಅಧ್ಯಯನವು 2005ರಲ್ಲಿ ಪ್ರಕಟವಾಯಿತು. ರೋಗಲಕ್ಷಣಗಳ ಜೊತೆಗೆ ಕುಟುಂಬದ ಹೊರೆಯೂ, ಮನೆಯವರು ಆರೈಕೆಗೆ ವ್ಯಯಿಸುತ್ತಿದ್ದ ಸಮಯವೂ ಕಡಿಮೆಯಾದವು.

ಆದುದರಿಂದ ರೋಗಿಯನ್ನು ಮಾತ್ರವಲ್ಲ, ಅವನ ತಾಯಿಯನ್ನೂ ಅವಳ ಭಾಷೆಯಲ್ಲಿಯೇ ಕೇಳಬೇಕು: “ಅಮ್ಮಾ, ನಿಮ್ಮ ಹೊರೆ ಇಳಿಯಿತೇ?” ಕನ್ನಡ, ತೆಲುಗು, ಮಾರವಾಡಿ, ಗುಜರಾತಿ ಯಾವುದೇ ನುಡಿಯ ಶ್ರಾವಕ-ಶ್ರಾವಿಕೆಯರಾಗಲಿ, ನೆರೆಮನೆಯ ಅಂತಹ ತಾಯಿಗೆ ತಿಂಗಳಿಗೊಂದು ದಿನ ಬಿಡುವು ಕೊಟ್ಟರೆ ಅದೇ ವೈಯಾವೃತ್ಯ.